ಕಾಲು ಹೋದಷ್ಟೇ ಊರು

ಅಚ್ಚಾದದ್ದೆಲ್ಲ ನಿಜ ಅಂತ ನಂಬಿ ಡಿಗ್ರಿ ಮುಗಿಸಿದವರು ನಾವು. ಮನೆಯಲ್ಲಿ ಓದಿದವರು ಬೇರೆ ಇರಲಿಲ್ಲ, ಕೇಳೋದು ಯಾರನ್ನ? ಹಾಗಾಗಿ ಅಂತರ್ಜಾಲದ ಆ ಹೆಸರುವಾಸಿ ಚಿತ್ರವನ್ನೂ ನಂಬಿದೆವು.

2000ದಲ್ಲಿ ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು ಬರೆದ ಚಿತ್ರ ಅದು. ಆಲ್ಟಾವಿಸ್ಟಾದ ಕ್ರಾಲರ್ 1999ರಲ್ಲಿ ಕಂಡ 20 ಕೋಟಿ ಪುಟ, 150 ಕೋಟಿ ಕೊಂಡಿಗಳ ಲೆಕ್ಕ. ಜಾಲ ಬೋ ಟೈ ಥರ ಇದೆ ಅಂದರು. ಸೂಟಿನವರು ಕೊರಳಿಗೆ ಕಟ್ಟುವ ಚಿಟ್ಟೆಯಂಥ ಟೈ. (ನಮಗಾದರೆ ಬೇರೆ ಹೋಲಿಕೆ ಹೊಳೆಯುತ್ತಿತ್ತು, ಇರಲಿ.) ನಡುವಿನ ಗಂಟಿನಲ್ಲಿ 5.6 ಕೋಟಿ ಪುಟ, ಒಂದರಿಂದ ಇನ್ನೊಂದಕ್ಕೆ ಹೋಗಿ ಬರಬಹುದು. ಒಂದು ರೆಕ್ಕೆಯ ಪುಟಗಳು ಗಂಟಿಗೆ ದಾರಿ ತೋರಿಸುತ್ತವೆ, ಗಂಟು ಅವುಗಳತ್ತ ತಿರುಗಿ ನೋಡುವುದಿಲ್ಲ. ಇನ್ನೊಂದು ರೆಕ್ಕೆಗೆ ಗಂಟಿನಿಂದ ದಾರಿ ಉಂಟು, ವಾಪಸು ಇಲ್ಲ.

ಗೆಳೆಯರೇ, ಕ್ರಾಲರ್ ಅನ್ನೋದು ಒಂದು ಪ್ರೋಗ್ರಾಂ. ಮೊದಲು ಕೊಟ್ಟ ವಿಳಾಸಗಳಿಂದ ಹೊರಟು, ಪುಟ ತೆರೆದು, ಅದರೊಳಗಿನ ಕೊಂಡಿ ಹಿಡಿದು ಮುಂದಕ್ಕೆ ಹೋಗುತ್ತೆ. ಹಾಗಾದರೆ ಯಾರೂ ಕೊಂಡಿ ಕೊಡದ ಪುಟ ಅದಕ್ಕೆ ಸಿಗೋದು ಹೇಗೆ? ವಿಳಾಸ ಮೊದಲೇ ಪಟ್ಟಿಯಲ್ಲಿದ್ದರೆ ಮಾತ್ರ. ಅಂದರೆ ಮೊದಲ ರೆಕ್ಕೆ ಎಷ್ಟು ಅಗಲ ಅನ್ನೋದು ಪಟ್ಟಿ ಬರೆದವನ ಕೈಲಿದೆ. ಇನ್ನೊಂದು ರೆಕ್ಕೆಯದು ಇನ್ನೂ ಮೋಸ. ಪುಟದ ವಿಳಾಸ ಕಂಡಿತು, ತೆರೆಯೋ ಮುಂಚೆ ಕ್ರಾಲ್ ನಿಂತಿತು ಅನ್ನಿ. ಅದರೊಳಗೆ ನೂರು ಕೊಂಡಿ ಇದ್ದರೂ ಲೆಕ್ಕದಲ್ಲಿ ಸೊನ್ನೆ. ಮಾತಾಡಿಸದೆ ಮುಂದೆ ಹೋದವನು 'ಇವನು ಮೂಗ' ಅಂತ ಬರೆದುಕೊಂಡ ಹಾಗೆ.

2014ರಲ್ಲಿ ರಾಬರ್ಟ್ ಮೋಯ್ಸೆಲ್ ಮತ್ತಿತರರು ಕಾಮನ್ ಕ್ರಾಲ್ ಸಂಸ್ಥೆಯ 2012ರ ಸಂಗ್ರಹ ಹಿಡಿದು ಮತ್ತೆ ಅಳೆದರು. 350 ಕೋಟಿ ಪುಟ. ಹಳೇ ಚಿತ್ರದಲ್ಲಿ ರೆಕ್ಕೆಗಳೆರಡೂ ಸಮ, ತಲಾ 4.3 ಕೋಟಿ. ಇಲ್ಲಿ ಒಂದು ಶೇಕಡಾ 32, ಇನ್ನೊಂದು ಶೇಕಡಾ 6! ಅಷ್ಟರಲ್ಲಿ ಜಾಲವೂ ಬದಲಾಗಿತ್ತು, ನಿಜ. ಆದರೆ ಈ ಆಕಾರ ಬಹುಮಟ್ಟಿಗೆ ಕ್ರಾಲ್ ಮಾಡಿದ ರೀತಿಯನ್ನ ಅವಲಂಬಿಸಿದೆ ಅಂತ ಅವರು ಹೇಳಿದರು.

ನಡೆದ ಕಾಲನ್ನ ನಾವು ಬೈಯೋದಿಲ್ಲ. ಎಲ್ಲ ಕಡೆ ಹೋಗಲು ಯಾರಿಗೂ ಆಗದು. 'ನಾವು ಹೋಗಲಿಲ್ಲ' ಅನ್ನಬೇಕಾದ ಕಡೆ 'ಅಲ್ಲಿ ಏನೂ ಇಲ್ಲ' ಅನ್ನುತ್ತಾರಲ್ಲ, ಜಗಳ ಇರೋದು ಅಲ್ಲಿ. ಅದೂ ಚಿತ್ರಕ್ಕೆ ಮುಗಿಯೋದಿಲ್ಲ. 2020ರಲ್ಲಿ ಬಂದ ಜಿಪಿಟಿ-3 ಎಂಬ ಮಾತಿನ ಯಂತ್ರಕ್ಕೆ ಕಲಿಸಿದ್ದು ಹೆಚ್ಚಾಗಿ ಇದೇ ಕಾಮನ್ ಕ್ರಾಲ್‌ನ ಪುಟಗಳಿಂದ. ಹಳ್ಳಿ ಮೇಷ್ಟ್ರೊಬ್ಬರು ತಮ್ಮೂರಿನ ಕುಂಬಾರಿಕೆಯ ಪದಗಳನ್ನ ಜೋಡಿಸಿ ಪುಟ ಮಾಡಿದ್ದಾರೆ ಅನ್ನಿ. ಅಲ್ಲಿಂದ ಕನ್ನಡ ವಿಕಿಪೀಡಿಯಕ್ಕೆ ಕೊಂಡಿ ಇದೆ, ಅದಕ್ಕೆ ಯಾರ ಕೊಂಡಿಯೂ ಇಲ್ಲ. ನಾಳೆ ಅವರ ಶಿಷ್ಯನೇ ಯಂತ್ರವನ್ನ ಕೇಳಿ, 'ಅಂಥ ಪದ ಕನ್ನಡದಲ್ಲಿ ಇಲ್ಲ' ಅಂತ ಉತ್ತರ ಬಂದರೆ, ಆ ಹುಡುಗ ಮೇಷ್ಟ್ರನ್ನ ನಂಬುತ್ತಾನೋ, ಯಂತ್ರವನ್ನೋ?