ಮರೆತವರೊಡನೆ ಸತ್ಯ

ಮಾಘ ಶುದ್ಧ ದ್ವಾದಶಿಯ ಬೆಳಗಿನ ಜಾವ ತೀರ್ಥಕ್ಕೆಂದು ಬಂದ ಸದ್ಗೃಹಸ್ಥರೊಬ್ಬರು ನಮ್ಮ ತಂದೆಯವರಲ್ಲಿ ಒಂದು ಸಂದೇಹವನ್ನು ನಿವೇದಿಸಿಕೊಂಡರು. ಅವರ ಮಾತೃಶ್ರೀಯವರಿಗೆ 76 ವಯಸ್ಸು. ಮರೆವಿನ ರೋಗ, ಜೊತೆಗೆ ಮಧುಮೇಹ. ಎರಡು ವರ್ಷಗಳಿಂದ ವೃದ್ಧರ ಆರೈಕೆಯ ಮನೆಯೊಂದರಲ್ಲಿದ್ದಾರೆ. ಮಗನ ಹೆಸರೂ ಒಮ್ಮೊಮ್ಮೆ ನೆನಪಿಗೆ ಬಾರದು. ಆದರೆ "ಇವತ್ತು ಏಕಾದಶಿಯೇನಮ್ಮಾ?" ಎಂದು ಕೇಳುವುದನ್ನು ಮಾತ್ರ ಮರೆತಿಲ್ಲ. ಹೌದೆಂದರೆ ತುತ್ತು ಮುಟ್ಟರು. ಇನ್ಸುಲಿನ್ ಕೊಟ್ಟ ಮೇಲೆ ಆಹಾರವಿಲ್ಲದಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪೀತು. ಅದಕ್ಕಾಗಿ ಅಲ್ಲಿಯ ಆಯಾ ಪ್ರತಿ ಏಕಾದಶಿಯಂದೂ "ಇಲ್ಲಮ್ಮ, ಇವತ್ತು ದಶಮಿ" ಎಂದು ಹೇಳಿ ಅನ್ನ ಉಣಿಸುತ್ತಾಳೆ. "ಈ ಸುಳ್ಳಿನ ಪಾಪ ಯಾರಿಗೆ, ಆಚಾರ್ಯರೇ?"

ಇದು ಒಂದು ಮನೆಯ ಪ್ರಶ್ನೆಯಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ವರ್ಷ ಮೀರಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಈ ರೋಗವಿದೆ.

ಉಪವಾಸದ ಮಟ್ಟಿಗೆ ತೊಡಕಿಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧ ಮೊದಲಾದ ಎಂಟು ವ್ರತವನ್ನು ಕೆಡಿಸವೆಂದು ಉದ್ಯೋಗಪರ್ವದಲ್ಲಿಯೇ ಇದೆ. ಅಶಕ್ತರಿಗೆ ಶಾಸ್ತ್ರವು ನಿರ್ದಯವಲ್ಲ. ತೊಡಕಿರುವುದು ಸತ್ಯದ ವಿಷಯದಲ್ಲಿ.

ನಾನು ಒಡನೆಯೇ ಕರ್ಣಪರ್ವದ ಕೌಶಿಕನ ಕಥೆಯನ್ನು ಮುಂದಿಟ್ಟೆ. ಸತ್ಯವ್ರತಿಯಾದ ಆ ತಪಸ್ವಿಯು, ಅಡಗಿದ್ದವರ ದಾರಿಯನ್ನು ದಸ್ಯುಗಳಿಗೆ ತೋರಿಸಿ, ಅವರ ಕೊಲೆಗೆ ಕಾರಣನಾಗಿ ನರಕಕ್ಕಿಳಿದನು. ಪ್ರಾಣರಕ್ಷಣೆಗಾಗಿ ಆಡಿದ ಸುಳ್ಳು ದೋಷವಲ್ಲ ಎಂದು ನನ್ನ ವಾದ. ತಂದೆಯವರು ಇಷ್ಟೇ ಕೇಳಿದರು: "ಅಲ್ಲಿ ಸುಳ್ಳನ್ನು ಹೇಳಬೇಕಾಗಿದ್ದುದು ಯಾರಿಗೆ?" ದಸ್ಯುಗಳಿಗೆ. ಇಲ್ಲಿಯಾದರೋ, ರಕ್ಷಿಸಬೇಕಾದವರಿಗೇ ವಂಚನೆ! ಬಿ.ಎ. ಓದಿದ ನನ್ನ ತರ್ಕ ಅಲ್ಲಿಗೆ ನಿಂತಿತು. ಎಲ್ಲವನ್ನೂ ಕಳೆದುಕೊಂಡ ಆ ತಾಯಿಯ ಬಳಿ ಉಳಿದಿರುವುದು ಆ ಒಂದು ತಿಥಿ; ಅದನ್ನೂ ನಾವು ಕಸಿದುಕೊಳ್ಳುತ್ತಿದ್ದೇವೆ.

ಹಿಂದಿನ ದಿನವೇ ವೈದ್ಯರನ್ನು ಕೇಳಿ ಇನ್ಸುಲಿನ್ನಿನ ಪ್ರಮಾಣವನ್ನೂ ಆಹಾರವನ್ನೂ ಗೊತ್ತುಮಾಡಿಕೊಂಡು, "ಏಕಾದಶಿ ಹೌದು, ಹಾಲು ಹಣ್ಣಿನಿಂದ ವ್ರತ ಕೆಡದು" ಎಂದು ಹೇಳಬಹುದಲ್ಲ? ಆದರೆ ಹಾಗೆ ಒಡಂಬಡಿಸಲು ಅರ್ಧ ಗಂಟೆ ಬೇಕು. ಹಲವು ವೃದ್ಧರನ್ನು ಒಬ್ಬಳೇ ನೋಡಿಕೊಳ್ಳುವ ಆಯಾಳಿಗೆ ಅಷ್ಟು ಹೊತ್ತೆಲ್ಲಿ? ತಿಂಗಳ ಹಣ ಕಟ್ಟಿ ನಿಶ್ಚಿಂತರಾದ ನಾವು ಅವಳ ಪಾಪವನ್ನು ಎಣಿಸಹೊರಟಿರುವುದು ವಿಚಿತ್ರವೇ ಸರಿ.

"ಅಷ್ಟು ಹೇಳಿದರೂ ಒಪ್ಪದಿದ್ದರೆ?" ಎಂದರು ಆ ಗೃಹಸ್ಥರು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಪ್ರಾಣವೇ ದೊಡ್ಡದು. ಆದರೆ ಆ ಸುಳ್ಳನ್ನು ನೀವೇ ಹೇಳಿ, ಆಯಾಳಿಂದ ಹೇಳಿಸಬೇಡಿ" ಎಂದರು.

ಬಹುಳ ಏಕಾದಶಿಯಂದು ಅವರು ಅರ್ಧ ದಿನದ ರಜೆ ಹಾಕಿ ಹೋಗಿದ್ದರಂತೆ. ತಾಯಿ ಎಂದಿನಂತೆ ಕೇಳಿದರು. ಇವರು ಹೌದೆಂದರು. ಬಹಳ ಹೊತ್ತು ಹಟ ಮಾಡಿ, ಕೊನೆಗೆ ಹಾಲಿನ ಲೋಟವನ್ನು ಕೈಗೆ ತೆಗೆದುಕೊಂಡು, "ನಿಂದು ಉಪವಾಸವೇನಪ್ಪಾ?" ಎಂದು ಕೇಳಿದರಂತೆ.