ಮುಂದಿನ ಮಗುವಿಗೆ ಜೋಡಿಯಾಗುವ ಹೆಸರನ್ನೇ ಇಡಬೇಕೇ?

ಪ್ರಶ್ನೆ: ನಮ್ಮ ಚೊಚ್ಚಲ ಮಗು ಹೆಣ್ಣು, ಈಗ ಎರಡು ತಿಂಗಳು. ರೋಹಿಣಿ ನಕ್ಷತ್ರ, ಮೂರನೇ ಪಾದ. ‘ವಿ’ ಅಕ್ಷರ ಬಂದಿದೆ. ನನಗೂ ಯಜಮಾನರಿಗೂ ‘ವಿನುತಾ’ ಎಂಬ ಹೆಸರು ಇಷ್ಟ. ಆದರೆ ನಮ್ಮತ್ತೆಯವರು ‘ಪದ್ಮಾವತಿ’ ಅಂತಲೇ ಇಡಬೇಕು ಅಂತಾರೆ. ಮುಂದೆ ಗಂಡು ಮಗು ಆದಾಗ ತೀರಿಹೋದ ಮಾವನವರ ‘ಶ್ರೀನಿವಾಸ’ ಎಂಬ ಹೆಸರು ಇಡಬಹುದು, ಅಕ್ಕ ತಮ್ಮನ ಹೆಸರು ಜೋಡಿಯಾಗಿರುತ್ತೆ, ಮನೆದೇವರು ತಿಮ್ಮಪ್ಪನೂ ಒಪ್ಪುತ್ತಾನೆ ಅನ್ನೋದು ಅವರ ಮಾತು. ಈಗ ಯಜಮಾನರೂ ‘ಹೋಗಲಿ ಬಿಡು, ಮುಂದಿನದಕ್ಕೆ ಅನುಕೂಲ’ ಅಂತಿದ್ದಾರೆ. ಒಡಹುಟ್ಟಿದವರ ಹೆಸರು ಹೊಂದಬೇಕೆಂದು ಶಾಸ್ತ್ರದಲ್ಲಿ ಇದೆಯೇ? ಹಿರಿಯರ ಮಾತು ಮೀರಿದರೆ ದೋಷವೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ತಾಯಿ, ಮೊದಲು ಶಾಸ್ತ್ರದ ಮಾತು ಹೇಳಿ ಮುಗಿಸುತ್ತೇನೆ. ಒಡಹುಟ್ಟಿದವರ ಹೆಸರುಗಳು ಒಂದಕ್ಕೊಂದು ಹೊಂದಬೇಕು ಎಂಬ ವಿಧಿ ನಾಮಕರಣ ಸಂಸ್ಕಾರದಲ್ಲಿ ಇಲ್ಲ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಣ್ಣು ಮಗುವಿನ ಹೆಸರು ಹೇಗಿರಬೇಕೆಂದು ಹೇಳಿದೆ: ಸುಲಭವಾಗಿ ಕರೆಯುವಂತಿರಬೇಕು, ಒರಟಾಗಿರಬಾರದು, ಅರ್ಥ ಸ್ಪಷ್ಟವಾಗಿರಬೇಕು, ಕಿವಿಗೆ ಹಿತವಾಗಿರಬೇಕು, ಮಂಗಳಕರವಾಗಿರಬೇಕು, ಕೊನೆಯಲ್ಲಿ ದೀರ್ಘಸ್ವರ ಇರಬೇಕು, ಅದರಲ್ಲಿ ಆಶೀರ್ವಾದದ ಭಾವ ಇರಬೇಕು. ಆಶ್ವಲಾಯನ, ಪಾರಸ್ಕರ ಗೃಹ್ಯಸೂತ್ರಗಳು ಗಂಡು ಮಗುವಿಗೆ ಸಮ ಸಂಖ್ಯೆಯ ಅಕ್ಷರ, ಹೆಣ್ಣು ಮಗುವಿಗೆ ಬೆಸ ಸಂಖ್ಯೆಯ ಅಕ್ಷರ ಎನ್ನುತ್ತವೆ. ನೀವು ಆರಿಸಿದ ‘ವಿನುತಾ’ ಮೂರಕ್ಷರ, ದೀರ್ಘಾಂತ, ‘ಎಲ್ಲರಿಂದ ಹೊಗಳಿಸಿಕೊಂಡವಳು’ ಎಂಬ ಒಳ್ಳೆಯ ಅರ್ಥ, ಪಾದಾಕ್ಷರವೂ ಸರಿ. ಹಾಗಂತ ನಾಲ್ಕಕ್ಷರದ ‘ಪದ್ಮಾವತಿ’ಯಲ್ಲಿ ದೋಷವಿದೆ ಅಂತ ತಿಳಿಯಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸರಸ್ವತಿಯರಿದ್ದಾರೆ, ಅದೂ ನಾಲ್ಕಕ್ಷರವೇ.

ಈ ಲಕ್ಷಣಗಳನ್ನು ಇನ್ನೊಮ್ಮೆ ಓದಿ ನೋಡಿ. ಎಲ್ಲವೂ ತೊಟ್ಟಿಲಲ್ಲಿರುವ ಮಗುವಿಗೆ ಸಂಬಂಧಪಟ್ಟವು. ಅವಳಿಗೆ ಅಣ್ಣ ಇದ್ದಾನೆಯೇ, ಮುಂದೆ ತಮ್ಮ ಬರುತ್ತಾನೆಯೇ ಎಂಬ ಪ್ರಶ್ನೆಯೇ ಇಲ್ಲ. ಪುರೋಹಿತರು ಸಂಕಲ್ಪ ಮಾಡಿಸುವಾಗಲೂ ಇದೇ ಮಗುವಿನ ನಕ್ಷತ್ರ, ಇದೇ ಮಗುವಿನ ರಾಶಿ, ಇದೇ ಮಗುವಿನ ಆಯುಸ್ಸು ಎನ್ನುತ್ತಾರೆ. ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆಯುವುದು, ಸೋದರತ್ತೆ ಕಿವಿಯಲ್ಲಿ ಹೇಳುವುದು, ಎಲ್ಲವೂ ಒಂದು ಜೀವಕ್ಕಾಗಿ.

ಪುರಾಣದಲ್ಲೂ ಹಾಗೇ ಇದೆ. ಭಾಗವತದ ಹತ್ತನೇ ಸ್ಕಂಧದಲ್ಲಿ ಗರ್ಗಾಚಾರ್ಯರು ಗೋಕುಲಕ್ಕೆ ಬಂದು, ಕಂಸನಿಗೆ ತಿಳಿಯದಂತೆ ಇಬ್ಬರು ಮಕ್ಕಳಿಗೂ ಒಟ್ಟಿಗೇ ನಾಮಕರಣ ಮಾಡುತ್ತಾರೆ. ಒಂದೇ ದಿನ, ಒಂದೇ ಕಡೆ. ಹೆಸರು ಹೊಂದಿಸಬೇಕು ಅಂತಿದ್ದರೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಆದರೆ ಅವರು ದೊಡ್ಡವನನ್ನು ನೋಡಿ, ತನ್ನ ಗುಣಗಳಿಂದ ಎಲ್ಲರನ್ನೂ ಸಂತೋಷಪಡಿಸುವವನಾದ್ದರಿಂದ ರಾಮ, ಬಲ ಹೆಚ್ಚಿರುವುದರಿಂದ ಬಲ ಎಂದರು. ಚಿಕ್ಕವನಿಗೆ ಮೈಬಣ್ಣದಿಂದ ಕೃಷ್ಣ ಎಂದರು. ಒಬ್ಬೊಬ್ಬನ ಹೆಸರು ಅವನವನ ಗುಣದಿಂದ ಬಂತು. ಜನಕರಾಜನ ಮನೆಯಲ್ಲೂ ನೇಗಿಲ ಗೆರೆಯಲ್ಲಿ ಸಿಕ್ಕಿದವಳು ಸೀತೆಯಾದಳು. ತಂಗಿ ಊರ್ಮಿಳೆಗೆ ಅವಳದೇ ಹೆಸರು. ಪ್ರಾಸ ಕೂಡದಿದ್ದರೂ ಆ ಅಕ್ಕ ತಂಗಿಯರ ಅಕ್ಕರೆಗೆ ಏನೂ ಕೊರತೆಯಾಗಲಿಲ್ಲ.

ಇನ್ನೊಂದು ವಿಷಯ, ಇದನ್ನು ಅತ್ತೆಯವರಿಗೆ ಮೆಲ್ಲಗೆ ಹೇಳಿ. ಪದ್ಮಾವತಿ ಶ್ರೀನಿವಾಸನ ಧರ್ಮಪತ್ನಿ. ನಾವು ಶ್ರೀನಿವಾಸ ಕಲ್ಯಾಣ ಮಾಡಿಸುವುದೇ ಅವರಿಬ್ಬರಿಗೆ. ಜೋಡಿ ಅಂತಲೇ ಲೆಕ್ಕ ಹಾಕಿ ಅಕ್ಕ ತಮ್ಮನಿಗೆ ದಂಪತಿಗಳ ಹೆಸರಿಡೋದು ಸೊಗಸಲ್ಲ. ಅಣ್ಣ ತಂಗಿಯರ ಜೋಡಿ ಬೇಕೆಂದರೆ ಕೃಷ್ಣ ಸುಭದ್ರೆಯರಿದ್ದಾರೆ, ಕಾರ್ತೀಕ ಶುದ್ಧ ಬಿದಿಗೆಯಂದು ನೆನೆಯುವ ಯಮ ಯಮುನೆಯರಿದ್ದಾರೆ.

ಇಷ್ಟು ಶಾಸ್ತ್ರ, ರೂಢಿ ಆಯಿತು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಯಜಮಾನರ ಮಾತು: ‘ಮುಂದಿನದಕ್ಕೆ ಅನುಕೂಲ’. ಇದರಲ್ಲಿ ಶಾಸ್ತ್ರಕ್ಕಿಂತ ದೊಡ್ಡದಾದ ಧರ್ಮದ ಪ್ರಶ್ನೆ ಇದೆ. ಹೆಸರು ಎಂದರೆ ಕರೆ. ಈ ಹೆಸರಿನಿಂದ ನಾವು ಯಾರನ್ನು ಕರೆಯುತ್ತಿದ್ದೇವೆ, ತೊಟ್ಟಿಲಲ್ಲಿರುವ ಮಗಳನ್ನೋ, ಇನ್ನೂ ಬಾರದ ಮಗನನ್ನೋ?

ಹಳೇ ಮೈಸೂರು ಕಡೆ ‘ಸಾಕಮ್ಮ’ ಎಂಬ ಹೆಸರು ನೀವೂ ಕೇಳಿರಬಹುದು. ಹೆಣ್ಣಿನ ಮೇಲೆ ಹೆಣ್ಣಾದಾಗ ‘ದೇವರೇ, ಹೆಣ್ಣು ಸಾಕು’ ಅಂತ ಇಟ್ಟ ಮನೆಗಳುಂಟು. ಮಹಾರಾಷ್ಟ್ರದಲ್ಲಿ ‘ನಕುಸಾ’ ಎಂಬ ಹೆಸರಿತ್ತು. ಬೇಡವಾದವಳು ಎಂದರ್ಥ. 2011ರ ಅಕ್ಟೋಬರಿನಲ್ಲಿ ಸತಾರಾ ಜಿಲ್ಲೆಯಲ್ಲಿ ಸಮಾರಂಭ ಮಾಡಿ ಅಂಥ 280ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಹೊಸ ಹೆಸರು ಕೊಟ್ಟರು. ಆ ಹೆಸರುಗಳನ್ನು ಹೊತ್ತವಳು ಮಗಳು, ಆದರೆ ಅವುಗಳಲ್ಲಿದ್ದ ಮಾತು ಮುಂದೆ ಹುಟ್ಟಬೇಕಾದ ಗಂಡಿನ ಕುರಿತದ್ದು.

ತಾಯಿ, ದಯವಿಟ್ಟು ತಪ್ಪು ತಿಳಿಯಬೇಡಿ. ‘ಪದ್ಮಾವತಿ’ ದೇವಿಯ ಹೆಸರು. ಅದನ್ನು ‘ನಕುಸಾ’ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಿಮ್ಮತ್ತೆಯವರ ಮನಸ್ಸಿನಲ್ಲಿ ಮೊಮ್ಮಗಳ ಬಗ್ಗೆ ಬೇಸರವಿದೆ ಅಂತಲೂ ನಾನು ಹೇಳುತ್ತಿಲ್ಲ. ಆದರೆ ತಮ್ಮನಿಗೆ ಜೋಡಿಯಾಗಲಿ ಎಂಬ ಒಂದೇ ಕಾರಣಕ್ಕೆ ಇಟ್ಟರೆ, ಆ ಮಂಗಳಕರವಾದ ಹೆಸರೂ ಅರ್ಧ ಹೆಸರಾಗಿಬಿಡುತ್ತೆ. ಎರಡನೇ ಮಗು ಆಗದೇ ಹೋಗಬಹುದು. ಇವತ್ತು ಎಷ್ಟೋ ದಂಪತಿಗಳು ಒಂದೇ ಸಾಕು ಎಂದುಕೊಳ್ಳುತ್ತಾರೆ. ಆಗ ಈ ಮಗು ಬಾರದ ತಮ್ಮನ ಖಾಲಿ ಜಾಗವನ್ನು ಪಕ್ಕದಲ್ಲಿಟ್ಟುಕೊಂಡೇ ಬೆಳೆಯಬೇಕು. ಎರಡನೆಯದೂ ಹೆಣ್ಣಾದರೆ? ಪಾಪ, ಆ ಕೂಸು ಹುಟ್ಟುವ ಮೊದಲೇ ಬೇರೊಬ್ಬನಿಗೆಂದು ಕಾದಿರಿಸಿದ ಕಡೆಗೆ ಬಂದಂತಾಗುತ್ತೆ. ಒಂದು ಹೆಸರಿನಿಂದ ಇಬ್ಬರು ಹೆಣ್ಣುಮಕ್ಕಳ ಮನಸ್ಸಿಗೂ ಮುಳ್ಳು.

‘ಹಾಗಾದರೆ ಹಿರಿಯರ ಹೆಸರಿಡುವುದೂ ತಪ್ಪೇ? ಅಲ್ಲೂ ಇನ್ನೊಬ್ಬರಿಗಾಗಿಯೇ ಹೆಸರಿಡುತ್ತೇವಲ್ಲ?’ ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಹಿರಿಯರು ಬಾಳಿ ಹೋದವರು. ಅವರ ಋಣ ನಮ್ಮ ಮೇಲಿದೆ. ಅವರ ಹೆಸರಿನ ಜೊತೆಗೆ ಅವರ ಒಳ್ಳೆಯತನದ ನೆನಪೂ ಮಗುವಿಗೆ ಬರುತ್ತೆ, ಅದು ಮಗುವಿಗೆ ಸಿಗುವ ಆಸ್ತಿ. ಇನ್ನೂ ಹುಟ್ಟದವರ ಋಣ ಯಾರ ಮೇಲೂ ಇಲ್ಲ. ಅವರಿಗಾಗಿ ಹಾರೈಸೋಣ, ಆದರೆ ಇರುವ ಮಗುವಿನ ಪಾಲಿನಿಂದ ತೆಗೆದು ಅವರಿಗೆ ಇಡುವುದು ನ್ಯಾಯವಲ್ಲ.

ಹೆಸರುಗಳು ಹೊಂದಿಕೊಂಡರೆ ಚಂದ ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ. ಊಟಕ್ಕೆ ಕೂಗುವಾಗ ಎರಡು ಹೆಸರು ಒಟ್ಟಿಗೆ ಬಾಯಿಗೆ ಬಂದರೆ ಯಾವ ತಾಯಿಗೆ ಹಿತವಾಗಲ್ಲ? ಆದರೆ ಹೊಂದಿಸುವ ದಾರಿ ತಿರುಗಿಸಿ. ಮೊದಲು ಬಂದವಳು ಹಿರಿಯಳು. ಹಿಂದೆ ಬಂದವರು ಅವಳಿಗೆ ಹೊಂದಿಕೊಳ್ಳಲಿ. ಎರಡನೇ ಮಗು ಗಂಡೋ ಹೆಣ್ಣೋ ಬಂದಾಗ, ‘ವಿನುತಾ’ಗೆ ಒಪ್ಪುವ ಹೆಸರನ್ನು ನಿಧಾನವಾಗಿ ಹುಡುಕಿ. ಅಷ್ಟರಲ್ಲಿ ಅವಳಿಗೂ ಮಾತು ಬಂದಿರುತ್ತೆ, ಅವಳನ್ನೂ ಒಂದು ಮಾತು ಕೇಳಿ.

ಈಗ ಹಿರಿಯರ ಮಾತಿಗೆ ಬರೋಣ. ನಾಮಕರಣದ ಕರ್ತೃ ಮಗುವಿನ ತಂದೆ. ಸಂಕಲ್ಪದ ಹೊಣೆ ನಿಮ್ಮ ಯಜಮಾನರದು, ಪಕ್ಕದಲ್ಲಿ ಕೂತ ನಿಮ್ಮದು. ಯೋಚಿಸಿ ತೀರ್ಮಾನ ಮಾಡಿದರೆ ದೋಷವಿಲ್ಲ. ಆದರೆ ಅತ್ತೆಯವರ ಮಾತಿನ ಒಳಗೆ ಏನಿದೆ ನೋಡಿ. ಹೋದ ಯಜಮಾನರ ಹೆಸರು ಮನೆಯಲ್ಲಿ ಮತ್ತೆ ಕೇಳಿಸಲಿ ಎಂಬ ಹಂಬಲ. ಅದಕ್ಕೆ ಮರ್ಯಾದೆ ಕೊಡಲೇಬೇಕು. ನಮ್ಮ ಸಂಪ್ರದಾಯದಲ್ಲಿ ಒಂದೇ ಮಗುವಿಗೆ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು ಹೆಸರಿಡುವ ಪದ್ಧತಿ ಇದೆ. ಮನೆದೇವರ ಸಂಬಂಧದ ದೇವತಾನಾಮವಾಗಿ ‘ಪದ್ಮಾವತಿ’ಯನ್ನು ಅಕ್ಕಿಯ ಮೇಲೆ ಬರೆಯಿಸಿ, ಕರೆಯುವುದಕ್ಕೆ ‘ವಿನುತಾ’ ಇಡಿ. ಅಂದು ಹಿರಿಯರ ಸ್ಮರಣೆ ಮಾಡುವಾಗ ಮಾವನವರ ಹೆಸರನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿಸಿ, ಆಮೇಲೆ ಅತ್ತೆಯವರ ಕೈಯಿಂದಲೇ ಮಗುವನ್ನು ತೊಟ್ಟಿಲಿಗೆ ಹಾಕಿಸಿ. ತಾತನ ಕಥೆಗಳನ್ನು ಹೇಳೋದಕ್ಕೆ ಮೊಮ್ಮಗ ಬರುವ ತನಕ ಕಾಯಬೇಕಿಲ್ಲ, ಮೊಮ್ಮಗಳಿಗೆ ಹೇಳಲಿ.

‘ಎರಡನೆಯದು ಆಗಲಿ, ಆಮೇಲೆ ಹೆಸರು ನೋಡೋಣ’ ಎಂದು ಮಾತ್ರ ಮುಂದೂಡಬೇಡಿ. ಜನನ ನೋಂದಣಿಯನ್ನು ಹೆಸರಿಲ್ಲದೆ ಮಾಡಿಸಿದ್ದರೂ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಶಾಲೆಗೂ ಪಾಸ್‌ಪೋರ್ಟ್‌ಗೂ ಜನನ ಪ್ರಮಾಣಪತ್ರದ ಮಹತ್ವ ಹೆಚ್ಚಾಗಿದೆ. ಬರುವ ತಿಂಗಳು ಒಳ್ಳೆಯ ತಿಥಿ ನೋಡಿ ಮುಗಿಸಿಬಿಡಿ.

ಕಿವಿಯಲ್ಲಿ ಹೆಸರು ಹೇಳುವ ಗಳಿಗೆಯಲ್ಲಿ ಮನೆಯವರೆಲ್ಲರ ಮನಸ್ಸು ಆ ಮಗುವಿನ ಮೇಲೆ ಮಾತ್ರ ಇರಲಿ. ಮಗು ವಿನುತಾಳಿಗೆ ಆಯುರಾರೋಗ್ಯ, ನಿಮಗೆಲ್ಲ ಶುಭವಾಗಲಿ.