ಚಿಂತೆಗೆ ಅಂಚಿಲ್ಲ, ಬುಟ್ಟಿಗೆ ಅಂಚುಂಟು

ಮಳೆ ತಡವಾದ ವರ್ಷ ಅಂಬ್ಲಿಗೊಳದ ಜಲಾಶಯ ನೋಡಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ನಿಮಗೂ ಗೊತ್ತು. ನೀರು ಬಂದೀತೇ? ಪೈರು ಉಳಿದೀತೇ? ಸಾಲ ತೀರೀತೇ? ಗದ್ದೆಯಿಲ್ಲದ ಮನೆಗಳಲ್ಲಿ ಮಗಳ ಮದುವೆ, ಮಗನ ಕೆಲಸ, ಹಿರಿಯರ ಕಾಯಿಲೆಗಳ ಚಿಂತೆ. ರಾತ್ರಿ ಜಪಸರ ಹಿಡಿದರೆ ಬೆರಳು ಮಣಿಯ ಮೇಲಿರುತ್ತದೆ, ಮನಸ್ಸು ಬ್ಯಾಂಕಿನ ನೋಟೀಸಿನ ಮೇಲಿರುತ್ತದೆ.

ಇಂಥ ಹೊತ್ತಿನಲ್ಲಿ ಯಾರಾದರೂ ಬಂದು, "ಕೂತು ಒಂದು ಚಿತ್ರ ಬರೆಯಿರಿ, ಒಂದು ಹೂಮಾಲೆ ಕಟ್ಟಿ" ಎಂದರೆ ನಿಮಗೆ ಸಿಟ್ಟು ಬಂದೀತು. ಮನೆಯಲ್ಲಿ ಇಷ್ಟು ಕಷ್ಟವಿರುವಾಗ ಅಂದಚೆಂದದ ಕೆಲಸವೇ? ಪ್ರಶ್ನೆ ನ್ಯಾಯವಾದದ್ದೇ. ಕಷ್ಟದ ನಡುವೆ ಕೈಗೆಲಸ ಹಿಡಿದು ಕೂರುವುದು ಹೊಣೆಗೇಡಿತನವೇ, ಇಲ್ಲವೇ ಅದೂ ದೇವರ ಕೃಪೆಯ ಒಂದು ದಾರಿಯೇ?

ನಮ್ಮ ನೆರೆಯವರನ್ನೇ ನೋಡೋಣ. ಸೊರಬ, ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಕುಂಚ. ಚಿತ್ತಾರಕ್ಕೆ ಕಪ್ಪು ಬೇಕಾದರೆ ಕಪ್ಪಾಗುವಂತೆ ಹುರಿದ ಅಕ್ಕಿಯುಂಟು, ಹಳದಿಗೆ ಗುರಿಗೆ ಕಾಯಿಯುಂಟು. ಆ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಗಮನಿಸಿ, ಬೆಳೆ ಆಗ ಇನ್ನೂ ಕೈಸೇರಿರುವುದಿಲ್ಲ. ಭಯಪಡಲು ಕಾರಣಗಳಿರುವ ಹೊತ್ತಿನಲ್ಲೇ ಆ ಕೈಗಳು ಗೆರೆ ಎಳೆಯುತ್ತವೆ. ಆಚರಣೆ ಅವರದು; ಪಾಠ ನಮಗೂ ಸಲ್ಲುತ್ತದೆ. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು.

ಆ ಪಾಠವೇನು? ಚಿಂತೆ ನಾಳೆಯಲ್ಲಿ ವಾಸಿಸುತ್ತದೆ, ಕೈಗೆಲಸ ಈ ಗಳಿಗೆಯಲ್ಲಿ. ಚಿಂತೆಗೆ ಅಂಚಿಲ್ಲ, ಬುಟ್ಟಿಗೆ ಅಂಚುಂಟು. ಎಂದೂ ಮುಗಿಯದ ಯೋಚನೆಯಲ್ಲಿ ದಣಿದ ಮನಸ್ಸು, ಮುಗಿಯುವ ಕೆಲಸವೊಂದನ್ನು ಮಾಡಿ ಮುಗಿಸಿದಾಗ ತನ್ನ ಬಲವನ್ನು ಮತ್ತೆ ಕಂಡುಕೊಳ್ಳುತ್ತದೆ. ಸಾಲ ಕರಗಿರುವುದಿಲ್ಲ, ನಿಜ. ಆದರೆ ಅದನ್ನು ಎದುರಿಸುವ ಮನುಷ್ಯ ಸ್ವಲ್ಪ ಗಟ್ಟಿಯಾಗಿರುತ್ತಾನೆ.

ಈಜಿಪ್ಟಿನ ಮರಳುಗಾಡಿನ ತಪಸ್ವಿ, 356ರಲ್ಲಿ ನಿಧನರಾದ ಸಂತ ಅಂತೋಣಿಯವರ ಬಗ್ಗೆ ಒಂದು ಹಳೆಯ ಕಥೆಯಿದೆ. ಒಮ್ಮೆ ಬೇಸರ ಮತ್ತು ಯೋಚನೆಗಳ ಮುತ್ತಿಗೆಯಿಂದ ಅವರಿಗೆ ಪ್ರಾರ್ಥನೆಯೂ ಕಷ್ಟವಾಯಿತು. ಆಗ ತಮ್ಮಂತೆಯೇ ಇದ್ದ ಒಬ್ಬನನ್ನು ಅವರು ಕಂಡರು. ಅವನು ಕೂತು ಹಗ್ಗ ಹೆಣೆಯುತ್ತಿದ್ದ, ಎದ್ದು ಪ್ರಾರ್ಥಿಸುತ್ತಿದ್ದ, ಮತ್ತೆ ಕೂತು ಹೆಣೆಯುತ್ತಿದ್ದ. ಅವನು ದೇವದೂತ, ನೀನೂ ಹೀಗೆಯೇ ಮಾಡು ಎಂಬುದು ಅವನು ತಂದ ಉತ್ತರ. ಕೈಗೆಲಸ ಪ್ರಾರ್ಥನೆಯ ಜಾಗವನ್ನು ಕಿತ್ತುಕೊಳ್ಳಲಿಲ್ಲ, ಪ್ರಾರ್ಥನೆಗೆ ಜಾಗ ಮಾಡಿಕೊಟ್ಟಿತು.

"ನನಗೆ ಕಲೆ ಬರುವುದಿಲ್ಲ" ಎನ್ನುವಿರಾ? ವಿಮೋಚನಾಕಾಂಡದಲ್ಲಿ ದೇವರು ತಮ್ಮ ಆತ್ಮದಿಂದ ತುಂಬಿದ ಬೆಚಲೇಲನು ಮರ, ಲೋಹ, ಕಲ್ಲುಗಳ ಕುಶಲಕರ್ಮಿ. ನಮ್ಮ ಪ್ರಭುವೂ ಬಡಗಿಯ ಮನೆಯಲ್ಲಿ ಬೆಳೆದವರು. ಎಲ್ಲರೂ ಕಲಾವಿದರಾಗಲು ಕರೆಹೊಂದಿಲ್ಲವಾದರೂ ತಂತಮ್ಮ ಬದುಕನ್ನು ಒಂದು ಕಲಾಕೃತಿಯಾಗಿ ರೂಪಿಸುವ ಹೊಣೆ ಪ್ರತಿಯೊಬ್ಬರದು ಎಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು 1999ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ ತಿಳಿಸಿದರು.

ಆದರೆ ಎರಡು ಎಚ್ಚರಿಕೆಗಳು. ಜ್ವರದಿಂದ ನರಳುವ ಅತ್ತೆ ನೀರು ಕೇಳುತ್ತಿರುವಾಗ ಕಸೂತಿಯಿಂದ ತಲೆ ಎತ್ತದಿದ್ದರೆ ಅದು ಸಮಾಧಾನವಲ್ಲ, ಪಲಾಯನ. ಎರಡನೆಯದು, ವಾರಗಟ್ಟಲೆ ನಿದ್ದೆಯಿಲ್ಲದೆ, ಬದುಕೇ ಬೇಡವೆನ್ನಿಸುತ್ತಿದ್ದರೆ ಕುಂಚವೊಂದೇ ಸಾಲದು. ವೈದ್ಯರನ್ನು ಕಾಣುವುದು ವಿಶ್ವಾಸದ ಕೊರತೆಯಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಸಂಜೆ ಅರ್ಧ ಗಂಟೆ ಮೊಬೈಲನ್ನು ಬದಿಗಿಡಿ. ಹರಿದ ಅಂಗಿಗೆ ಒಂದು ಹೂವಿನ ತೇಪೆ ಹಾಕಿ, ಮಾತೆ ಮರಿಯಮ್ಮನವರ ಪಟಕ್ಕೆ ಮಾಲೆ ಕಟ್ಟಿ, ಮಕ್ಕಳೊಂದಿಗೆ ಗೋದಲಿಗೆ ಮಣ್ಣಿನ ಕುರಿ ಮಾಡಿ. ಕುರಿ ನಾಯಿಯಂತೆ ಕಂಡರೂ ಚಿಂತೆಯಿಲ್ಲ; ಮನೆಯವರೆಲ್ಲ ನಗುತ್ತಾರೆ. ಆಮೇಲೆ ಆ ಮಣ್ಣಿನ ಕೈಗಳನ್ನೇ ಜೋಡಿಸಿ ಪ್ರಾರ್ಥಿಸಿ. ಮಣ್ಣಿನಿಂದ ನಮ್ಮನ್ನು ರೂಪಿಸಿದಾತ ಅಂಥ ಕೈಗಳನ್ನು ಗುರುತಿಸದೆ ಇರುವನೇ?